ಜನರೇಟರ್ ಯಾವ ವಾರ್ಡಿಗೆ?

ಮೇ ೧೨, ಮಂಗಳವಾರ

ಅಕ್ಕನ ಪ್ರಶ್ನೆ ಇನ್ನೂ ತಲೆ ತಿನ್ನುತ್ತಿದೆ. ಇವತ್ತು ಅವಳ ಡಯಾಲಿಸಿಸ್ ಅರ್ಧಕ್ಕೇ ನಿಂತಿತು. ನದಿ ಬತ್ತಿ ಕರೆಂಟು ಕೈಕೊಟ್ಟಿತ್ತು. ದೂರದ ಯುದ್ಧದಿಂದಾಗಿ ಹೊಸ ಡೀಸೆಲ್ ಬಂದಿರಲಿಲ್ಲ. ಉಳಿದಿದ್ದ ಡೀಸೆಲ್‌ನಲ್ಲಿ ಆಸ್ಪತ್ರೆಯ ಜನರೇಟರ್ ಒಂದೇ ವಾರ್ಡಿಗೆ ಸಾಲುವಂತಿತ್ತು.

ಮನೆಗೆ ಕರೆತಂದು, ನಾನು ಕಾಲೇಜಿನಲ್ಲಿ ಈ ವರ್ಷ ಕಲಿಸುತ್ತಿರುವ ಹೊಸ ಸಿದ್ಧಾಂತ ವಿವರಿಸಿದೆ. "ಇದು ಯಾರೊಬ್ಬರ ತಪ್ಪಲ್ಲ ಕಣೇ. ಹವಾಮಾನ, ಯುದ್ಧ, ಮಾರುಕಟ್ಟೆ ಎಲ್ಲ ಹೆಣೆದುಕೊಂಡಿವೆ. ಒಂದು ಕುಸಿದ್ರೆ ಇನ್ನೊಂದನ್ನೂ ಎಳೆಯುತ್ತೆ."

ಅಕ್ಕ ಊದಿದ ಕಾಲನ್ನು ದಿಂಬಿನ ಮೇಲಿಟ್ಟುಕೊಂಡಳು. "ಸರಿ, ಒಪ್ದೆ. ಆ ಒಂದು ವಾರ್ಡು ಯಾವ್ದು ಅಂತ ನದಿ ಹೇಳ್ತಾ? ಯುದ್ಧ ಹೇಳ್ತಾ?"

ಹಳೆಯ ರಾಜಕೀಯ ಚಿಂತಕರು ಕೇಳುತ್ತಿದ್ದುದೂ ಇದನ್ನೇ: ತೀರ್ಮಾನಿಸುವವರು ಯಾರು, ಯಾವ ಅಧಿಕಾರದಿಂದ? ಹೊಸ ಸಿದ್ಧಾಂತದವರು ಕೊರತೆ ಹೇಗೆ ಬಂತೆಂದು ಹೇಳುತ್ತಾರೆ. ಅದನ್ನು ಹಂಚುವ ಮಾತು ಬಂದಾಗ ಹಳಬರ ಬಾಗಿಲನ್ನೇ ತಟ್ಟಬೇಕೇನೋ.

ಆಸ್ಪತ್ರೆಯ ಮುಖ್ಯಸ್ಥರಿಗೆ ಫೋನ್ ಮಾಡಿದೆ. ಹೆರಿಗೆ ವಾರ್ಡಿಗೆ ಕೊಟ್ಟರಂತೆ. ಅಕ್ಕನನ್ನು ನಾಳೆ ಬೆಳಿಗ್ಗೆ ಕರೆತರಲು ಹೇಳಿದರು.

"ನಾನಾಗಿದ್ರೂ ಅಲ್ಲಿಗೇ ಕೊಡ್ತಿದ್ದೆ," ಎಂದಳು ಅಕ್ಕ. "ಆದ್ರೆ ನನ್ನನ್ನ ಒಂದು ಮಾತು ಕೇಳ್ಬಹುದಿತ್ತು."

ಕೇಳಿದ್ದರೂ ಡೀಸೆಲ್ ಅಷ್ಟೇ ಇರುತ್ತಿತ್ತು, ವಾರ್ಡೂ ಅದೇ. ಆದರೂ ಏನೋ ಒಂದು ಬೇರೆಯಾಗುತ್ತಿತ್ತು. ಏನದು...