ನಿನ್ನ ಏಡಿಯ ಅಧ್ಯಾಯ

ನರಸಿಂಹರಾಜಪುರ ಬಸ್ ನಿಲ್ದಾಣ
ಶನಿವಾರ ಸಂಜೆ

ಪ್ರೀತಿಯ ನಿಲೋಫರ್,

ನೀನು ತಿದ್ದಿ ಬರೆದ ಏಡಿಯ ಅಧ್ಯಾಯವನ್ನು ಇವತ್ತು ಶೃಂಗೇರಿಯಿಂದ ಮನೆಗೆ ಹೊರಟ ಬಸ್ಸಿನಲ್ಲಿ ಓದಿದೆ. ಹಿಂದಿನ ಸಲ ಇದನ್ನೇ ಓದುತ್ತ ಹರಿಹರಪುರ ಬರುವ ಮೊದಲೇ ನಿದ್ದೆ ಹೋಗಿದ್ದೆ. ಕೊಪ್ಪದಲ್ಲಿ ಕಂಡಕ್ಟರ್ ರಫೀಕ್ ತಟ್ಟಿ ಎಬ್ಬಿಸಿದ್ದ. ಆಗ ಏಡಿಯ ಮುಖ ನೋಡಲು ನಾಲ್ಕು ಪುಟ ಕಾಯಬೇಕಿತ್ತು. ಅದನ್ನು ಹಾಗೇ ಹೇಳಿದ್ದಕ್ಕೆ ನೀನು ಪಿಎಚ್.ಡಿ.ಯನ್ನೇ ಬಿಡುತ್ತೇನೆಂದು ಹೊರಟೆ.

ಈಗ ಮೊದಲ ಸಾಲಿನಲ್ಲೇ ಏಡಿ ಬಿಲದಿಂದ ಹೊರಬಂದಿದೆ. ಯಾಕೆ ಬಂತು ಎಂದು ನಾನು ಕೇಳುವಷ್ಟರಲ್ಲಿ ಮುಂದಿನ ಸಾಲು ಉತ್ತರ ಕೊಡುತ್ತದೆ. ಕೆಂಪು ಪೆನ್ನಿನ ಕ್ಯಾಪ್ ತೆಗೆಯಲೇ ಇಲ್ಲ. ಎರಡನೇ ಕೋಷ್ಟಕವನ್ನು ಮಾತ್ರ ಕೊನೆಗೆ ಹಾಕು, ನಡುವೆ ಓದಿಗೆ ಅಡ್ಡ ಬರುತ್ತದೆ.

ಬಿಡುವ ಮಾತು ಇನ್ನು ಬೇಡ. ಸೋಮವಾರ ಬಾ, ಅಧ್ಯಾಯಕ್ಕೆ ಸಹಿ ಹಾಕುತ್ತೇನೆ.

ಕೊಪ್ಪದ ಮನುಷ್ಯ ಇಲ್ಲೇನು ಮಾಡುತ್ತಿದ್ದಾನೆ ಅನ್ನುತ್ತೀಯಾ? ಓದುತ್ತ ಓದುತ್ತ ಕೊಪ್ಪದಲ್ಲಿ ಇಳಿಯುವುದನ್ನೇ ಮರೆತೆ. ಒಂದು ಮಾತು ಕೂಗಬಾರದಿತ್ತೇ ಎಂದು ರಫೀಕನಿಗೆ ಬೈದೆ.

"ಇವತ್ತು ನೀವು ಎಚ್ಚರ ಇದ್ರಲ್ಲ ಮಾರಾಯ್ರೆ!" ಎಂದ.

ವಾಪಸು ಬಸ್ಸಿಗೆ ಕಾಯುತ್ತಿರುವ ನಿನ್ನ ಗೈಡ್,
ನಾಗಭೂಷಣ