ಚೀಟಿಯ ಮೊದಲ ಸಾಲು

ಕಪ್ಪತಗುಡ್ಡದ ಕೋಶಶಾಲೆ, ಹೆಣ್ಣುಮಕ್ಕಳ ಹಾಸ್ಟೆಲ್
ಕಡಲೇರಿದ ನಲವತ್ತೊಂದನೆಯ ವರ್ಷ, ಎರಡನೆಯ ಮಾಗಿ, ಮೂವತ್ತೈದನೆಯ ದಿನ
(ನಿಮ್ಮ ಲೆಕ್ಕದಲ್ಲಿ ಇಸವಿ ೨೧೮೭ ಇರಬೇಕು. ಕೂಡಿಸಿದ್ದು ನಾನೇ, ಆದ್ದರಿಂದ ತಪ್ಪಿರಲೂಬಹುದು.)

ಮುಧೋಳ ತಳಿಯ ಆ ಹೆಣ್ಣುನಾಯಿಯ ಮನೆಯವರಿಗೆ,

ನಿಮ್ಮ ಹೆಸರು ತಿಳಿಯದೆ ಬರೆಯುತ್ತಿದ್ದೇನೆ, ಸಾರಿ. ನನ್ನ ಕನ್ನಡಕ್ಕೂ ಸಾರಿ. ಆರನೆಯ ವಯಸ್ಸಿನಿಂದ ಹಾಸ್ಟೆಲಿನಲ್ಲೇ ಬೆಳೆದವಳು ನಾನು. ಪಾಠ ಅರ್ಧ ಇಂಗ್ಲಿಷಿನಲ್ಲಿ, ಬೈಗುಳ ಪೂರ್ತಿ ಕನ್ನಡದಲ್ಲಿ. ಕೆಲವು ಮಾತುಗಳು ನಿಮ್ಮ ಕಾಲಕ್ಕೆ ಇನ್ನೂ ಹುಟ್ಟಿರಲಿಕ್ಕಿಲ್ಲ. ಹಿಂದಿನ ಕಾಲದವರಿಗೆ ಬರೆಯುವ ಇಂಥ ಪತ್ರಕ್ಕೇ ನಾವು ಹಿಂದೋಲೆ ಎನ್ನುತ್ತೇವೆ. ಮೊದಲ ವರ್ಷದ ಪ್ರತಿಯೊಬ್ಬಳೂ ತನ್ನ ಕೈಗೆ ಬಂದ ಕೋಶಗಳು ಯಾವ ದೇಹದವೋ ಅದರ ಮನೆಯವರಿಗೆ ಒಂದು ಓಲೆ ಬರೆದು ಗುಡ್ಡದ ಮೇಲಿನ ಕಲ್ಲುಪೆಟ್ಟಿಗೆಗೆ ಹಾಕಬೇಕು. ತಲುಪುತ್ತದೆಯೇ ಎಂದು ಸೀನಿಯರ್ ಒಬ್ಬಳನ್ನು ಕೇಳಿದೆ. "ನಿನ್ನ ಅಕ್ಷರ ಇಲ್ಲಿಯವರಿಗೇ ತಿಳಿಯಂಗಿಲ್ಲ, ಅವರಿಗೆ ತಿಳೀತದೇನ?" ಎಂದಳು.

ಬಹುಶಃ ನಿಮ್ಮ ನಾಯಿ ಈಗ ಅಂಗಳದಲ್ಲಿ ಕಾಲು ಚಾಚಿ ಮಲಗಿದ್ದಾಳೆ. ಹಾಗಿದ್ದರೆ ಮುಂದಿನದನ್ನು ನಿಧಾನವಾಗಿ ಓದಿ. ಅವಳು ಸತ್ತ ಮೇಲೆ ಯಾರೋ ನಿಮ್ಮನ್ನು ಕೇಳಿ ಅವಳ ಎಡ ಮೂತ್ರಪಿಂಡದ ಒಂದು ಚೂರು ತೆಗೆದುಕೊಂಡರು. ಆ ಚೂರಿನ ಕೋಶಗಳು ಗಾಜಿನೊಳಗೆ ಬೆಳೆದವು, ಎರಡಾದವು, ನಾಲ್ಕಾದವು, ಇಂದಿಗೂ ನಿಂತಿಲ್ಲ. ವೈರಸ್ಸಿಗೆ ತಾನೊಂದೇ ಬೆಳೆಯಲು ಬರುವುದಿಲ್ಲ. ಜೀವ ಇರುವ ಕೋಶದೊಳಗೆ ಹೊಕ್ಕರಷ್ಟೇ ಅದರ ಸಂಸಾರ. ರೋಗಿಯ ಗಂಟಲಿನ ಹನಿಯನ್ನು ನಿಮ್ಮ ನಾಯಿಯ ಕೋಶಗಳ ಮೇಲೆ ಬಿಟ್ಟರೆ, ಬಂದಿರುವ ಜ್ವರ ಯಾವುದೆಂದು ತಿಳಿಯುತ್ತದೆ, ಲಸಿಕೆಗೆ ಬೀಜವೂ ಸಿಗುತ್ತದೆ.

ಬೆಳಗ್ಗೆ ಐದಕ್ಕೆ ಎದ್ದು, ಮುಖಕ್ಕೆ ಮುಸುಕು ಹಾಕಿ, ನಾವು ಕಾವುಗೂಡಿಗೆ ಹೋಗುತ್ತೇವೆ. ಅದು ನಾಯಿಯ ಮೈಯಷ್ಟೇ ಬೆಚ್ಚಗಿರುವ ಕಬ್ಬಿಣದ ಕಪಾಟು. ಅದರೊಳಗಿನ ಫ್ಲಾಸ್ಕುಗಳಲ್ಲಿ ಕೋಶಗಳಿಗೆ ಆಹಾರವಾಗಿರುವ ಗುಲಾಬಿ ಬಣ್ಣದ ನೀರನ್ನು ಎರಡು ದಿನಕ್ಕೊಮ್ಮೆ ಬದಲಿಸುವುದು ಜೂನಿಯರ್‌ಗಳ ಪಾಳಿ. ಸೂಕ್ಷ್ಮದರ್ಶಕದಲ್ಲಿ ಕೋಶಗಳು ಚಪ್ಪಡಿ ಹಾಸಿದ ಹಾಗೆ ಒತ್ತೊತ್ತಾಗಿ ಕಾಣುತ್ತವೆ. ಕೆಲವು ಕಡೆ ಆ ಹಾಸು ರೊಟ್ಟಿ ಉಬ್ಬಿದಂತೆ ಉಬ್ಬಿರುತ್ತದೆ. ಮೂತ್ರಪಿಂಡದ ಕೋಶಗಳಲ್ಲವೇ, ನೀರನ್ನು ಈ ಬದಿಯಿಂದ ಆ ಬದಿಗೆ ಸಾಗಿಸುವ ಕೆಲಸವನ್ನು ಅವು ಬಿಟ್ಟಿಲ್ಲ. ನಾಯಿ ಹೋಗಿ ನೂರೈವತ್ತು ವರ್ಷಗಳಾದವೆಂದು ಅವಕ್ಕೆ ಯಾರೂ ಹೇಳಿಲ್ಲ.

ಈಗ ನನ್ನ ತಪ್ಪು. ತೇಲೂರಿನಲ್ಲಿ ಜ್ವರ ಎದ್ದಿತು. ತೇಲೂರು ಎಂದರೆ ಹಳೆಯ ಕಾರವಾರದ ನೀರಿನ ಮೇಲೆ ದೋಣಿಗಳನ್ನು ಒಂದಕ್ಕೊಂದು ಬಿಗಿದು ಕಟ್ಟಿಕೊಂಡ ಊರು. ಅಲ್ಲಿಂದ ಒಬ್ಬ ಹೆಂಗಸಿನ ಗಂಟಲಿನ ಹನಿ ಬಂತು, ಒಂದೇ ಶೀಶೆ. ನಮ್ಮ ಕಾಶೀಬಾಯಿ ಮೇಡಂ ಅದನ್ನು ಹನ್ನೆರಡು ಫ್ಲಾಸ್ಕುಗಳಿಗೆ ಹಂಚಿ, ಹನ್ನೆರಡು ಹುಡುಗಿಯರನ್ನು ಕಾವಲಿಟ್ಟರು. "ನೋಡ್ರಿ, ಬರೀರಿ. ಶಾಣ್ಯಾತನ ಮಾಡಬ್ಯಾಡ್ರಿ" ಎಂದಷ್ಟೇ ಹೇಳಿದರು.

ಮೂರನೆಯ ಬೆಳಗ್ಗೆ ನನ್ನ ಫ್ಲಾಸ್ಕಿನ ಚಪ್ಪಡಿಗಳು ಕಿತ್ತುಬಂದಿದ್ದವು. ಕೋಶಗಳು ಮುದುಡಿ, ಗುಂಡಾಗಿ, ತೇಲುತ್ತಿದ್ದವು. ಹಿಂದಿನ ಸಂಜೆ ನಾನು ಅದನ್ನು ಹೊರಗೆ ಹೆಚ್ಚು ಹೊತ್ತು ಇಟ್ಟಿದ್ದೆ. ತಣ್ಣಗಾಗಿ ಸತ್ತವು, ಕೊಂದವಳು ನಾನೇ ಎಂದುಕೊಂಡೆ. ವೈರಸ್ ಹೊಕ್ಕ ಕೋಶ ಹೀಗೆಯೇ ಸಾಯುತ್ತದೆ ಎಂಬುದನ್ನು ಇಂಗ್ಲಿಷಿನಲ್ಲಿ ಉರು ಹೊಡೆದು ಟೆಸ್ಟಿನಲ್ಲಿ ಹತ್ತಕ್ಕೆ ಹತ್ತು ತೆಗೆದವಳು ನಾನು. ಕಣ್ಣೆದುರಿಗೆ ಬಂದಾಗ ಅದೇ ಇದು ಎಂದು ಹೊಳೆಯಲಿಲ್ಲ. ಮೆಸ್ಸಿನಲ್ಲಿ ಎಲ್ಲರೂ ನಗುವುದು ಮಾತ್ರ ಹೊಳೆಯಿತು. ಬೇರೆ ಕಪಾಟಿನಿಂದ ಒಳ್ಳೆಯ ಫ್ಲಾಸ್ಕೊಂದನ್ನು ತಂದು ಅದೇ ನಂಬರ್ ಬರೆದಿಟ್ಟೆ. ಸತ್ತದ್ದನ್ನು ತೊಳೆಯುವ ಬುಟ್ಟಿಯ ತಳಕ್ಕೆ ತುರುಕಿದೆ. ವಹಿಯಲ್ಲಿ 'ಕೋಶಗಳು ಆರೋಗ್ಯವಾಗಿವೆ' ಎಂದು ಬರೆದೆ.

ನಾಲ್ಕು ದಿನ ಕಳೆದ ಮೇಲೆ ಮೇಡಂ ನಮ್ಮನ್ನೆಲ್ಲ ಕರೆದರು. "ಹನ್ನೆರಡರಾಗ ಒಂದರಾಗೂ ಕೋಶ ಸಾಯಲಿಲ್ಲ. ಹನಿಯಾಗ ವೈರಸ್ ಭಾಳ ಕಡಿಮಿ ಇರ್ತೈತಿ, ಒಂದರಾಗರ ಸತ್ತಿದ್ರ ಬಂತು ಅಂತ ಗೊತ್ತಾಗ್ತಿತ್ತು. ಹನಿ ಮುಗದೈತಿ. ಆ ಹೆಣ್ಣಮಗಳೂ ಹೋಗ್ಯಾಳಂತ. ಮತ್ತ ಬ್ಯಾರೆಯವರದು ತರಸಬೇಕು, ದೋಣಿ ಬರಾಕ ಹತ್ತು ದಿನ."

ನಾನು ತೊಳೆಯುವ ಮನೆಗೆ ಓಡಿದೆ. ಅಲ್ಲಿ ಫಕೀರವ್ವ ಇರುತ್ತಾಳೆ. ನಾವು ಬಿಟ್ಟ ಗಾಜನ್ನೆಲ್ಲ ಉಗಿಯಲ್ಲಿ ಬೇಯಿಸಿ ತೊಳೆಯುವವಳು, ಎಪ್ಪತ್ತು ದಾಟಿದವಳು. ನನ್ನ ಫ್ಲಾಸ್ಕು ಬೆಂದಿದ್ದರೆ ಅದರೊಳಗಿನ ವೈರಸ್ಸೂ ಸತ್ತು ಎಲ್ಲ ಮುಗಿದಂತೆ. ನನ್ನ ಮುಖ ಕಂಡದ್ದೇ ತಡ, ತಣ್ಣನೆಯ ಪೆಟ್ಟಿಗೆಯ ಬಾಗಿಲು ತೆರೆದು ತೋರಿಸಿದಳು. ನನ್ನ ಫ್ಲಾಸ್ಕು ಅಲ್ಲಿತ್ತು.

"ಚೀಟಿ ಇಲ್ಲದ್ದು ನಾ ಕುದಸಂಗಿಲ್ಲವ್ವಾ. ಯಾರು ಸತ್ರು, ಯಾಕ ಸತ್ರು, ಎರಡು ಸಾಲು ಬರದಕೊಡಬೇಕು. ಏಳು ದಿನ ಕಾಯ್ತೀನಿ, ಎಂಟನೇದಕ್ಕ ಉಗಿ. ನಾಕು ದಿನದಿಂದ ಕಾಯಾಕತ್ತೀನಿ, ಯಾವ ಕಳ್ಳಿ ಬರ್ತಾಳ ಅಂತ."

ಸುಮ್ಮನಿದ್ದಿದ್ದರೆ ಇನ್ನು ಮೂರು ದಿನ, ಅಷ್ಟೇ, ಯಾರಿಗೂ ತಿಳಿಯುತ್ತಿರಲಿಲ್ಲ. ಫ್ಲಾಸ್ಕನ್ನು ಎತ್ತಿಕೊಂಡು ಹೋಗಿ, ಅದು ನನ್ನದೆಂದು ಮೇಡಂಗೆ ಹೇಳಿದೆ. ಅವರು ಬಯ್ಯಲಿಲ್ಲ. "ಜ್ವರಕ್ಕಿಂತ ನಾಚಿಕಿ ದೊಡ್ಡದಾತು ನಿನಗ, ಹೌದಲ್ಲ?" ಎಂದು ಫ್ಲಾಸ್ಕು ಹಿಡಿದು ಒಳಗೆ ಹೋದರು. ಆ ನೀರನ್ನು ಹೊಸ ಕೋಶಗಳ ಮೇಲೆ ಬಿಟ್ಟ ಎರಡನೆಯ ದಿನವೇ ಚಪ್ಪಡಿಗಳು ಕಿತ್ತುಬಂದವು. ವೈರಸ್ ಸಿಕ್ಕಿತು. ಲಸಿಕೆಯ ಬೀಜ ಈಗ ತೇಲೂರಿನ ದಾರಿಯಲ್ಲಿದೆ. ಆದರೆ ನಾನು ಬಾಯಿ ಮುಚ್ಚಿಕೊಂಡಿದ್ದ ನಾಲ್ಕು ದಿನಗಳಲ್ಲಿ ಅಲ್ಲಿ ಐದು ಮಂದಿ ಹೋದರು. ಮೊದಲೇ ಹೇಳಿದ್ದರೆ ಅವರು ಉಳಿಯುತ್ತಿರಲಿಲ್ಲ, ಲಸಿಕೆಗೆ ಹೇಗೂ ವಾರಗಟ್ಟಲೆ ಬೇಕು ಎನ್ನುತ್ತಾರೆ. ಲಸಿಕೆ ನಾಲ್ಕು ದಿನ ತಡವಾದ್ದರಿಂದ ಹೋಗುವ ಮುಂದಿನ ಐದು ಮಂದಿಯ ವಿಷಯ ಯಾರೂ ಹೇಳುವುದಿಲ್ಲ. ನಾನೂ ಕೇಳಿಲ್ಲ.

ಒಂದು ವರ್ಷ ಫಕೀರವ್ವನ ಜೊತೆ ಗಾಜು ತೊಳೆಯುವುದು ನನಗಾದ ಶಿಕ್ಷೆ. ಇದನ್ನು ಬರೆಯುತ್ತಿರುವುದೂ ಅಲ್ಲಿಂದಲೇ, ಒದ್ದೆ ಕೈಯಲ್ಲಿ.

ನನ್ನ ಚೀಟಿ ಇನ್ನೂ ಅವಳ ಮೊಳೆಯಲ್ಲಿ ನೇತಾಡುತ್ತಿದೆ. ಯಾಕೆ ಸತ್ತವು ಎಂಬ ಸಾಲನ್ನು ನಾನು ಬರೆದೆ: 'ವೈರಸ್ಸಿನಿಂದ. ನಾನು ಮುಚ್ಚಿಟ್ಟೆ. ಭುವನಾ ಡಂಬಳ.' ಯಾರು ಎಂಬ ಮೊದಲ ಸಾಲಿನಲ್ಲಿ ಎಲ್ಲರೂ ಫ್ಲಾಸ್ಕಿನ ನಂಬರ್ ಹಾಕುತ್ತಾರೆ. ನಾನೂ ಹಾಕಹೋದವಳು ನಿಲ್ಲಿಸಿದೆ. ನಮ್ಮ ದಫ್ತರದಲ್ಲಿ ನಿಮ್ಮ ನಾಯಿಯ ಬಗ್ಗೆ ಇರುವುದು ಇಷ್ಟೇ: ಮುಧೋಳ, ಹೆಣ್ಣು, ಎರಡು ವರ್ಷ, ಎಡ ಮೂತ್ರಪಿಂಡ. ಅವಳ ಕೋಶಗಳು ನನಗೆ ಇದ್ದದ್ದನ್ನು ಇದ್ದ ಹಾಗೆ ತೋರಿಸಿದವು. ಸುಳ್ಳು ಬರೆದವಳು ನಾನು. ಆದ್ದರಿಂದ ಒಂದು ವಿನಂತಿ. ಆ ಚೂರು ಕೊಡುವ ದಿನ ನಿಮ್ಮ ಮುಂದೆ ಒಂದು ಕಾಗದ ಇಡುತ್ತಾರೆ. ಅದರಲ್ಲಿ ಜಾಗ ಇರಲಿ ಇಲ್ಲದಿರಲಿ, ಸಂಜೆ ಅನ್ನ ಕಲಸಿಟ್ಟು ನೀವು ಅವಳನ್ನು ಏನೆಂದು ಕೂಗುತ್ತೀರೋ ಅದನ್ನು ಅಂಚಿನಲ್ಲಾದರೂ ಬರೆಯಿರಿ.

ಮೊದಲ ಸಾಲನ್ನು ಖಾಲಿ ಬಿಟ್ಟಿದ್ದೇನೆ.