ಉಳಿದವರ ಪಾಲು

ಜುಲೈ ೨, ಬುಧವಾರ

ಇವತ್ತೂ ರೋಸ್ಟರ್ ಖಾಲಿ. ಕಂಪನಿಗೆ ಇರೋ ಫ್ಯಾನಿನ ವಿಮಾನ ಎರಡೇ. ಒಂದು ರಿಪೇರಿಗೆ ನಿಂತಿದೆ, ಇನ್ನೊಂದು ಮಳೆ ನೋಡಿ ಅರ್ಧ ದಿನ ಕ್ಯಾನ್ಸಲ್. ಹಾರಿದ ಗಂಟೆಗಷ್ಟೇ ಸಂಬಳ. ಅಂದರೆ ಈ ಕೋ-ಪೈಲಟ್ ಸಂಜಯನ ಕೈಗೆ ಈ ತಿಂಗಳು ಚಿಪ್ಪು.

ಅಪ್ಪನೂ ಮನೆಯಲ್ಲೇ. ಮಳೆಗಾಲದ ಮೀನುಗಾರಿಕೆ ನಿಷೇಧ, ಆಗಸ್ಟ್ ತನಕ ಬೋಟು ಇಳಿಸುವಂತಿಲ್ಲ. ನಮ್ಮ ತೆಂಗಿನಗುಂಡಿಯಲ್ಲಿ ತಾಂಡೇಲ ಜಟ್ಟ ಅಂದರೆ ಗೊತ್ತಿಲ್ಲದವರಿಲ್ಲ. ಬೋಟು ನಡೆಸೋದು, ಬಲೆ ಎಲ್ಲಿ ಬಿಡಬೇಕು ಅನ್ನೋದು ಎಲ್ಲ ಅವನದೇ. ಈಗ ಜಗಲಿಯಲ್ಲಿ ಕೂತು ಹರಿದ ಬಲೆ ಕಟ್ಟುತ್ತಾನೆ. ಕೆಲಸವಿಲ್ಲದ ಇಬ್ಬರು ಡ್ರೈವರುಗಳನ್ನು ಸಾಕ್ತಿದ್ದೇನೆ ಅಂತ ಅಮ್ಮನ ತಮಾಷೆ.

ಸಂಜೆ ನಾವು ಐವರು ಕೋ-ಪೈಲಟ್‌ಗಳ ಗ್ರೂಪ್ ಕಾಲ್. ಮುಂದಾಳು ಪ್ರಣಿತಾ. (ಕುಮಟಾದವಳು. ಟ್ರೇನಿಂಗಿನಿಂದ ಜೊತೆ. ಎರಡೂ ಮನೆಯಲ್ಲಿ ಮದುವೆ ಮಾತು ಶುರುವಾಗಿದೆ... ಬರೆಯುವಾಗಲೂ ಖುಷಿ.) ಬೇರೆ ಸಣ್ಣ ಕಂಪನಿಗಳಲ್ಲಿ ಎಷ್ಟು ಕೊಡ್ತಾರೆ ಅಂತ ಒಬ್ಬೊಬ್ಬರೂ ಗುರುತಿನವರನ್ನು ವಿಚಾರಿಸಿದ್ದರು. ಒಂದು ಕಡೆ ಹಾರಲಿ ಬಿಡಲಿ, ಎಪ್ಪತ್ತು ಗಂಟೆಯ ದುಡ್ಡು ಗ್ಯಾರಂಟಿ. ಇನ್ನೊಂದು ಕಡೆ ಗ್ಯಾರಂಟಿ ಕಡಿಮೆ, ಆದರೆ ಬೇರೆ ಊರಲ್ಲಿ ರಾತ್ರಿ ಉಳಿದರೆ ಭತ್ಯೆ. ನಮಗೆ ಎರಡೂ ಇಲ್ಲ. ನಮ್ಮಲ್ಲಿ ಎಲ್ಲರಿಗಿಂತ ಸೀನಿಯರ್ ಆದ ಸಂತೋಷನಿಗೆ ಸಿಗೋದು ಅಲ್ಲಿ ನಿನ್ನೆ ಸೇರಿದವರಿಗಿಂತ ಕಮ್ಮಿ. ಅವನು ಕೇಳಿ ಸುಮ್ಮನೆ ನಕ್ಕ.

ಹೊಸ ಅಗ್ರಿಮೆಂಟ್ ಬಂದಿದೆ. ಅದರಲ್ಲೂ ಗ್ಯಾರಂಟಿ ಇಲ್ಲ. ಅದನ್ನು ಸೇರಿಸುವ ತನಕ ಯಾರೂ ಸಹಿ ಹಾಕಬಾರದು ಅಂತ ತೀರ್ಮಾನ. ಮೊದಲು ಹೂಂ ಅಂದವನು ನಾನೇ. ಗಂಟಲೂ ಜೋರಾಗಿತ್ತು.

ಜುಲೈ ೭, ಸೋಮವಾರ, ಬೆಳಿಗ್ಗೆ

ಆಪರೇಶನ್ಸ್ ಮ್ಯಾನೇಜರ್ ಫೋನ್ ಮಾಡಿದ್ದರು. ಕ್ಯಾಪ್ಟನ್ ಟ್ರೇನಿಂಗಿಗೆ ಒಂದು ಸೀಟು ಇದೆಯಂತೆ. ಇವತ್ತು ಸಹಿ ಹಾಕಿದರೆ ನನಗೆ. ಬೇರೆಯವರ ಹತ್ತಿರ ಮಾತಾಡೋದು ಬೇಡ ಅಂದರು. ಸರದಿ ಪ್ರಕಾರ ಸೀಟು ಸಂತೋಷನದು. ಯೋಚಿಸಿ ಹೇಳ್ತೇನೆ ಅಂದೆ.

ಸಂಜೆ

ಹಾಕಿಬಿಟ್ಟೆ.

ಸಹಿ ಆನ್‌ಲೈನಿನಲ್ಲೇ. ಮಧ್ಯಾಹ್ನದಿಂದ ಮನೆಯಲ್ಲಿ ನೆಟ್‌ವರ್ಕ್ ಇರಲಿಲ್ಲ. ಓಟಿಪಿ ಬರಲಿ ಅಂತ ಬಂದರಿನ ತನಕ ನಡೆದುಹೋದೆ. ಕಾಲು ತಾನಾಗೇ ಹೋಯಿತು ಅನ್ನೋದಿಲ್ಲ. ನಾನೇ ಹೋದೆ.

ಅಪ್ಪ ಅಲ್ಲೇ ಬೋಟಿನ ಹತ್ತಿರ ಇದ್ದ. ಎಂತ ಆತು ಅಂತ ಕೇಳಿದ. ಕ್ಯಾಪ್ಟನ್ ಆಗ್ತೇನೆ ಅಂದೆ. ಅಂದರೆ ವಿಮಾನದ ತಾಂಡೇಲ. ಅಪ್ಪ ತಲೆಯ ಮುಂಡಾಸು ಬಿಚ್ಚಿ ಕಣ್ಣು ಒರೆಸಿಕೊಂಡ. ಸಂಬಳ ಎಷ್ಟಂತ ಕೇಳಲಿಲ್ಲ. ಕೇಳಿದ್ದು ಒಂದೇ:

"ಉಳ್ದವ್ರದ್ದೂ ಆತಲ್ಲ ಮಗಾ?"

ಹೂಂ ಅಂದೆ.

ಅವನು ಕೇಳಿದ್ದು ಸಹಜ. ಇಲ್ಲಿ ಬೋಟಿಗೆ ತಾಂಡೇಲನಾಗು ಅಂತ ಅದರ ಮಾಲೀಕ ಸಾವ್ಕಾರ ಕರೆದರೆ, ಮೊದಲು ಬಲೆ ಎಳೆಯುವ ತನ್ನ ಖಲಾಸಿಗಳ ಪಾಲು ಮಾತಾಡಿ ಮುಗಿಸಬೇಕು. ಆಮೇಲೆ ತನ್ನದು. ಹಾಗೆ ಮಾಡದವನ ಬೋಟಿಗೆ ಮರುವರ್ಷ ಯಾರೂ ಹತ್ತೋದಿಲ್ಲ. ಬೇರೆ ಥರ ಇರಬಹುದು ಅಂತ ಅಪ್ಪನಿಗೆ ಹೊಳೆಯಲೇ ಇಲ್ಲ.

ಜುಲೈ ೧೧, ಶುಕ್ರವಾರ

ಮೊನ್ನೆ ಕಂಪನಿಯಿಂದ ಎಲ್ಲರಿಗೂ ಮೇಲ್ ಬಂತು. ನಿಮ್ಮಲ್ಲೇ ಸಹಿ ಶುರುವಾಗಿದೆ, ಸೋಮವಾರದೊಳಗೆ ಹಾಕದವರ ಹೆಸರು ರೋಸ್ಟರಿಗೆ ಬರೋದಿಲ್ಲ ಅಂತ. ಹೆಸರು ಹೇಳಿಲ್ಲ.

ಪ್ರಣಿತಾ ಸಿಗಬೇಕು ಅಂದಳು. ಹೊನ್ನಾವರ ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ಕೂತೆವು. ಸಂತೋಷನದೇ ಕೆಲಸ ಅಂತ ಅವಳ ಲೆಕ್ಕ. ಹೆಂಡತಿಗೆ ದಿನ ತುಂಬಿದೆ, ಹೆದರಿರ್ತಾನೆ ಅಂದಳು. ಎರಡು ದಿನದಿಂದ ಅವನು ಮಾಡಿದ ಫೋನ್ ಅವಳು ತೆಗೆದಿಲ್ಲವಂತೆ. ಹೇಳ್ತಾ ಹೇಳ್ತಾ ಅತ್ತಳು. ನಾನು ಬನ್ಸ್ ಮುರಿದು ತಿನ್ನುತ್ತಿದ್ದೆ.

"ಇರಬಹುದು" ಅಂದೆ.

ಸುಮ್ಮನಿದ್ದರೂ ಆಗ್ತಿತ್ತು. ಅಷ್ಟೂ ಆಗಲಿಲ್ಲ ನನ್ನಿಂದ. ಬಿಲ್ಲು ಅವಳೇ ಕೊಟ್ಟಳು. ಥೂ.

ಜುಲೈ ೧೪, ಸೋಮವಾರ

ಉಳಿದ ನಾಲ್ವರೂ ಸಹಿ ಹಾಕಿದರು. ಸಂತೋಷ ಗ್ರೂಪ್ ಬಿಟ್ಟ. ಯಾರೂ ಯಾಕೆ ಅಂತ ಕೇಳಲಿಲ್ಲ.

ಜುಲೈ ೧೯, ಶನಿವಾರ

ಅಪ್ಪ ಹೇಳದೆ ಕೇಳದೆ ಕುಮಟಾಕ್ಕೆ ಹೋಗಿಬಂದಿದ್ದಾನೆ. ಹೊಸ ತಾಂಡೇಲನ ಮನೆಯಿಂದ ಬೋಟಿನವರಿಗೆ ವೀಳ್ಯ ಹೋಗಬೇಕು, ನಮ್ಮ ಕೇರಿಯ ಪದ್ಧತಿ. ನನ್ನ "ಬೋಟಿನವರ" ಪೈಕಿ ಅವನಿಗೆ ಗೊತ್ತಿರೋದು ಪ್ರಣಿತಾಳ ಮನೆ ಒಂದೇ. ಎಲೆ, ಅಡಿಕೆ, ತೆಂಗಿನಕಾಯಿ ಹಿಡಿದು, ಇಸ್ತ್ರಿ ಅಂಗಿ ಹಾಕಿ, ಬಸ್ಸು ಹತ್ತಿದ್ದಾನೆ.

ಕುಣಿಯುವ ಖುಷಿಯಲ್ಲಿ ವಾಪಸ್. ನಮ್ಮ ಸಂಜಯ ವಿಮಾನದ ತಾಂಡೇಲ ಆದ, ಕ್ಯಾಪ್ಟನ್ ಸೀಟು ಸಿಕ್ತು, ನಿಮ್ಮೆಲ್ಲರ ಪಾಲೂ ಮಾಡ್ಸಿದ್ನಲ್ಲ ತಂಗಿ ಅಂತ ಕೇಳಿದನಂತೆ. ಯಾವತ್ತು ಅಂತ ಅವಳು ಕೇಳಿದಳಂತೆ, ಏಳನೇ ತಾರೀಕು ಅಂದನಂತೆ ಅಪ್ಪ. ಆಮೇಲೆ ಎರಡೂ ಕೈಯಲ್ಲಿ ವೀಳ್ಯ ತಗೊಂಡು, ಹೌದು, ಎಲ್ಲರದ್ದೂ ಆಯ್ತು, ಸಂಜಯನೇ ಮಾಡಿಸಿದ ಅಂದಳಂತೆ. ಎಂಥಾ ಒಳ್ಳೆ ಹುಡುಗಿ ಅಂತ ಅಪ್ಪ ಅಮ್ಮನಿಗೆ ಮತ್ತೆ ಮತ್ತೆ ಹೇಳಿದ. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ.

ಅವಳ ಮೆಸೇಜ್ — "ಅವರ ಮುಖ ನೋಡಿ ಸುಳ್ಳು ಹೇಳಿದೆ. ನಿನಗೋಸ್ಕರ ಅಲ್ಲ. ಸಂತೋಷನಿಗೆ ನೀನೇ ಹೇಳು. ಅಪ್ಪನಿಗೂ."

ಫೋನ್ ಮಾಡಿದೆ. ತೆಗೆಯಲಿಲ್ಲ. ತೆಗೆದಿದ್ದರೆ ಏನು ಹೇಳ್ತಿದ್ದೆನೋ.

ಜುಲೈ ೨೩, ಬುಧವಾರ

ಸಂತೋಷನಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡ. ಮಗಳು ಹುಟ್ಟಿದ್ದಾಳೆ, ಯಾರಿಗೂ ಹೇಳೋ ಮನಸ್ಸಾಗಲಿಲ್ಲ ಅಂದ. ಫೋನಿಟ್ಟ. ಬೈದಿದ್ದರೆ ಎಷ್ಟೋ ಹಗುರವಾಗ್ತಿತ್ತು.

ಪ್ರಣಿತಾಳ ಮನೆಯಿಂದ ಮದುವೆ ಮಾತು ಸದ್ಯಕ್ಕೆ ಬೇಡ ಅಂತ ಫೋನ್ ಬಂತು. ಟ್ರೇನಿಂಗ್ ಮುಗೀಲಿ ಅಂತಿರಬೇಕು ಅಂದ ಅಪ್ಪ. ಅವನಿಗೆ ನಾಳೆ ಹೇಳ್ತೇನೆ.

ಜುಲೈ ೨೭, ಭಾನುವಾರ

ಹೇಳಿಲ್ಲ. ಟ್ರೇನಿಂಗ್ ಸೀಟು ಬೇಡ, ಸಂತೋಷನಿಗೇ ಕೊಡಿ ಅಂತ ಕಂಪನಿಗೆ ಮೇಲ್ ಮಾತ್ರ ಹಾಕಿದ್ದೇನೆ. ಉತ್ತರ ಇಲ್ಲ.

ಅಂಗಳದಲ್ಲಿ ಅಪ್ಪನ ಖಲಾಸಿಗಳೆಲ್ಲ ಸೇರಿದ್ದಾರೆ. ಡೀಸೆಲ್ ತುಟ್ಟಿ, ಈ ವರ್ಷ ಅವರ ಪಾಲು ಕಡಿಮೆ ಅಂದಿದ್ದಾನಂತೆ ಮೋಹನ ಸಾವ್ಕಾರ. ನಿನ್ನೆ ಅಪ್ಪನೊಬ್ಬನನ್ನೇ ಕರೆದು, ನಿನ್ನ ಪಾಲು ಏರಿಸ್ತೇನೆ, ಉಳಿದವರನ್ನು ಒಪ್ಪಿಸು ಅಂದನಂತೆ. ಅಪ್ಪ ಚಾ ಕೂಡ ಕುಡಿಯದೆ ಎದ್ದು ಬಂದಿದ್ದಾನೆ. ಅದನ್ನೇ ಈಗ ಹೇಳುತ್ತಿದ್ದಾನೆ. ಕಿಟಕಿಯಿಂದ ಎಲ್ಲ ಕೇಳಿಸುತ್ತದೆ.

ಹಳೆ ಖಲಾಸಿ ಚೌಡನಿಗೆ ಹೆದರಿಕೆ. ನಾವು ಗಟ್ಟಿ ನಿಂತರೂ ಸಾವ್ಕಾರ ಯಾರನ್ನಾದರೂ ಒಬ್ಬನನ್ನು ಒಡೀತಾನೆ ಅಂದ.

"ಯಾರೂ ಒಡೆಯೂದಿಲ್ಲ" ಅಂದ ಅಪ್ಪ. "ನಮ್ಮ ಸಂಜಯನ ಕಂಪ್ನೀಲಿ ಒಡೆದ್ರಾ? ಅವನ ಬಾಯಲ್ಲೇ ಕೇಳಿ."

ಕರೀತಿದ್ದಾನೆ. ಅಮ್ಮ ಬಾಗಿಲಿಗೆ ಬಂದು, ಎಂತ ಬರೀತಾ ಕೂತಿದ್ದಿ, ಬಾ ಅಂದಳು.

ನಿಜ ಹೇಳಿದರೆ ಅಪ್ಪ ತನ್ನವರ ಎದುರು ತಲೆ ತಗ್ಗಿಸಬೇಕು. ಸುಳ್ಳು ಹೇಳಿದರೆ ಅದನ್ನೇ ನಂಬಿಕೊಂಡು ಇಷ್ಟು ಜನ ಸಾವ್ಕಾರನ ಎದುರು ನಿಲ್ತಾರೆ.

ಮತ್ತೆ ಕರೆದ. ಹೋಗ್ತೇನೆ. ಮಾತು ಹೀಗೆ ಶುರು ಮಾಡಬೇಕು — ಅಪ್ಪಾ, ನಮ್ಮಲ್ಲೂ ಒಬ್ಬ ಒಡೆದ. ಅವನು...